ಅರ್ಧ ಗೋಡೆಯ ಆಪ್ತ ಸಮಾಲೋಚನೆ

ಮನಸ್ಸಿನ ಕಾಯಿಲೆಗೆ ಸರ್ಕಾರ ದುಡ್ಡು ಕೊಡುತ್ತದೆ, ಇಲ್ಲ ಅನ್ನುವಂತಿಲ್ಲ. ಆದರೆ ದಾರಿಯಲ್ಲಿ ಆ ದುಡ್ಡಿಗೇ ಏನೋ ಆಗಿ, ನಮ್ಮ ಹತ್ತಿರ ತಲುಪುವಷ್ಟರಲ್ಲಿ ಅದು ಬೇರೆಯೇ ರೂಪ ತಾಳಿರುತ್ತದೆ. ನಾಲ್ಕು ತಾಲ್ಲೂಕಿನ ಆಸ್ಪತ್ರೆಗಳಿಗೆ ಸರದಿಯ ಮೇಲೆ ಜೀಪಿನಲ್ಲಿ ತಿರುಗುವ ಆಪ್ತ ಸಮಾಲೋಚಕಿ ನಾನು. ಇಂಥದ್ದೊಂದು ನೋಡದೆ ನನಗೆ ಒಂದು ತಿಂಗಳೂ ಕಳೆದದ್ದಿಲ್ಲ.

ಬಾಗಿಲು

ಮಾರ್ಚ್ ಕೊನೆಯಲ್ಲಿ ಜಾಗೃತಿ ಮೂಡಿಸಲು ಅನುದಾನ ಬಂತು. ಮೂರು ದಿನದಲ್ಲಿ ಖರ್ಚಾಗದಿದ್ದರೆ ವಾಪಸ್. ಶ್ರೀರಂಗಪಟ್ಟಣದಲ್ಲಿ ನಮ್ಮ ಗುಮಾಸ್ತರು ಸಿಕ್ಕಿದ್ದರಲ್ಲೇ ಅತಿ ದೊಡ್ಡ ಫ್ಲೆಕ್ಸ್ ಮಾಡಿಸಿ ನಮ್ಮ ಕೊಠಡಿಯ ಮುಂದೆಯೇ ಕಟ್ಟಿಸಿದರು. ‘ಮನಸ್ಸು ಬಿಚ್ಚಿ ಮಾತಾಡಿ’ ಅಂತ ಆಳೆತ್ತರದ ಅಕ್ಷರ, ಸುತ್ತಲೂ ಗಣ್ಯರ ಮುಖ. ಮಧ್ಯಾಹ್ನದವರೆಗೂ ಒಬ್ಬ ರೋಗಿಯೂ ಬರಲಿಲ್ಲ. ಹಿಂಬಾಗಿಲಿನಿಂದ ಸುತ್ತಿ ಬಂದು ನೋಡಿದರೆ, ಬೆಳಗೊಳದ ರೈತರೊಬ್ಬರು ಫ್ಲೆಕ್ಸಿನ ಎದುರು ಕುಕ್ಕರಗಾಲಲ್ಲಿ ಕೂತಿದ್ದರು.

“ಒಳಗೆ ಯಾಕೆ ಬರಲಿಲ್ಲ ಯಜಮಾನ್ರೆ?”

“ಮಾತಾಡಿ ಅಂತ ಬರ್ದವ್ರೆ ಕಣವ್ವ. ಬಾಗ್ಲ ಎಲ್ಲಿ ಮಡ್ಗವ್ರೆ ಅಂತ ಬರ್ದಿಲ್ಲ.”

ಗುಟ್ಟಿನ ಕೊಠಡಿ

ಪಾಂಡವಪುರದಲ್ಲಿ ರೋಗಿಗಳು ಗುಟ್ಟಾಗಿ ಮಾತಾಡಲು ಒಂದು ಕೊಠಡಿ ಮಂಜೂರಾಯಿತು. ಅನುದಾನ ಅರ್ಧ ಬಂತು, ಗೋಡೆಯೂ ಅರ್ಧಕ್ಕೇ ನಿಂತಿತು. ಗೋಡೆಯ ಆಚೆ ಬಿ.ಪಿ. ಮಾತ್ರೆಯ ಸಾಲು.

ಒಂದು ದಿನ ಹೊಸ ಸೊಸೆಯೊಬ್ಬಳು ನನ್ನೆದುರು ಕೂತು ಬಿಕ್ಕಿಬಿಕ್ಕಿ ಅತ್ತಳು. “ನಮ್ಮತ್ತೆ ನನ್ನ ಕೈ ಊಟನ ನಾಯಿನೂ ಮೂಸಲ್ಲ ಅಂದ್ಬುಟ್ರು ಮೇಡಂ!”

“ಅಯ್ಯೋ ಪಾಪ!” ಅಂತ ಗೋಡೆಯಾಚೆ ಇಡೀ ಸಾಲು ಮರುಗಿತು. ಅದರ ನಡುವಿನಿಂದಲೇ ಒಂದು ದನಿ ಎದ್ದಿತು:

“ಅದ್ಯಾವಾಗಮ್ಮಿ ನಾನು ಅಂಗಂದಿದ್ದು?”

ಅವಳ ಅತ್ತೆಗೂ ಬಿ.ಪಿ. ಇತ್ತು.

ತರಬೇತಿ

ಅಕ್ಕಿಹೆಬ್ಬಾಳಿನ ಅಕ್ಕಸಾಲಿಯೊಬ್ಬರಿಗೆ ಕಿವಿಯಲ್ಲಿ ಯಾರೋ ಬೈದಂತೆ ಕೇಳಿಸುತ್ತಿತ್ತು. ಕೆ.ಆರ್. ಪೇಟೆಯಲ್ಲಿ ನಾವು ಕೊಟ್ಟ ಮಾತ್ರೆಯಿಂದ ಬೈಗುಳ ನಿಂತು, ಮತ್ತೆ ಮೂಗುತಿಗೆ ಹರಳು ಕೂರಿಸುವಷ್ಟು ಕೈ ಹಿಡಿತಕ್ಕೆ ಬಂದಿತ್ತು. ಅಷ್ಟರಲ್ಲಿ ಮಾತ್ರೆ ಬರುವುದು ನಿಂತಿತು. ವಾರದೊಳಗೆ ಅವರು ಅಂಗಡಿ ಮುಚ್ಚಿ ಮೂಲೆ ಹಿಡಿದರು.

ಮೇಲಿನವರಿಗೆ ಪತ್ರ ಬರೆದೆ. ಉತ್ತರ ಬಂತು: ‘ಔಷಧಿ ಬಾಬ್ತಿನಲ್ಲಿ ಹಣವಿಲ್ಲ. ತರಬೇತಿ ಬಾಬ್ತಿನಲ್ಲಿ ಇದೆ. ರೋಗಿಗಳು ಮಾತ್ರೆ ಬಿಡದಂತೆ ನೋಡಿಕೊಳ್ಳುವ ಬಗ್ಗೆ ಎರಡು ದಿನದ ತರಬೇತಿಗೆ ಹಾಜರಾಗತಕ್ಕದ್ದು.’ ಹೋದೆ. ಊಟದ ಬಿಡುವಿನಲ್ಲಿ ಪಕ್ಕದ ತಾಲ್ಲೂಕಿನ ನರ್ಸನ್ನು ಕಾಡಿಬೇಡಿ, ಅವರಲ್ಲಿ ಉಳಿದಿದ್ದ ಮಾತ್ರೆಯನ್ನು ಇಸಿದುಕೊಂಡು ತಂದೆ. ಅಕ್ಕಸಾಲಿಯ ಹೆಂಡತಿಗೆ ಅದನ್ನು ಕೊಡುತ್ತಾ, ತರಬೇತಿಯಲ್ಲಿ ಕಲಿಸಿದಂತೆ ಗಂಭೀರವಾಗಿ ಹೇಳಿದೆ: “ಮಾತ್ರೆ ಮಾತ್ರ ಯಾವತ್ತೂ ಬಿಡಬಾರದು ಕಣಮ್ಮ.”

ಆಕೆ ನನ್ನ ಮುಖವನ್ನೇ ನೋಡಿದರು. “ನಾವೆಲ್ಲಿ ಬುಟ್ವಿ? ಮಾತ್ರೆನೇ ನಮ್ಮನ್ನ ಬುಟ್ಬುಡ್ತು.”

ಒಬ್ಬರು ಕಮ್ಮಿ

ನಾಗಮಂಗಲದ ಶಿಬಿರಕ್ಕೆ ಅನುದಾನ ಮುಂದುವರಿಸಬೇಕೋ ಬೇಡವೋ ಅಂತ ನೋಡಲು ತಪಾಸಣಾಧಿಕಾರಿಯೊಬ್ಬರು ಬಂದರು. ದಿನಕ್ಕೆ ಇಪ್ಪತ್ತು ರೋಗಿಗಳಾದರೂ ಇರಬೇಕೆಂಬುದು ನಿಯಮ. ಅವತ್ತು ಇದ್ದದ್ದು ಹತ್ತೊಂಬತ್ತು.

“ಕಡಿಮೆಯಾಗಿದ್ದಾರಲ್ಲ?”

“ವಾಸಿಯಾದರು ಸಾರ್.”

“ವಾಸಿಯಾದ ಮೇಲೆ ದುಡ್ಡೇಕೆ?”

ಶಿಬಿರ ನಿಂತರೆ ಇವರೆಲ್ಲ ಬಸ್ಸು ಹತ್ತಿ ಎಲ್ಲಿಗೆ ಹೋಗಬೇಕೆಂದು ನನಗೆ ಚಿಂತೆ ಹತ್ತಿತು. ವಾಸಿಯಾಗಿ, ಅವತ್ತು ಶಿಬಿರದ ಬೆಂಚು ರಿಪೇರಿಗೆ ಬಂದಿದ್ದ ಬಡಗಿಯೊಬ್ಬರು ತಾವಾಗಿಯೇ ಎದ್ದು, “ನಂಗೆ ಗುಣ ಆಗಿದ್ದು ಇಲ್ಲೇ ಸಾಮಿ” ಅಂದರು. ಅಧಿಕಾರಿ ನಂಬಲಿಲ್ಲ. “ಯಾರು ಹೇಳಿಕೊಟ್ಟರು?” ಅಂತ ಅವರನ್ನು ಕೇಳಿದರು. ಆಮೇಲೆ ನರ್ಸನ್ನು, ಕೊನೆಗೆ ಜೀಪಿನ ಡ್ರೈವರನ್ನೂ ಕೇಳಿದರು. “ನೀವೆಲ್ಲ ಸೇರಿಕೊಂಡು ನನಗೆ ಸುಳ್ಳು ಹೇಳ್ತಿದ್ದೀರಿ!” ಅಂತ ಮೇಜು ಕುಟ್ಟಿದರು.

ಬಡಗಿ ಮೆಲ್ಲಗೆ ಹತ್ತಿರ ಹೋಗಿ ಅವರ ಭುಜದ ಮೇಲೆ ಕೈಯಿಟ್ಟರು. “ಎದ್ರುಕೋಬ್ಯಾಡಿ ಸಾಮಿ. ನಂಗೂವೆ ಇಂಗೇ ಸುರುವಾಗಿದ್ದು. ಎಲ್ಲಾರೂ ಸೇರ್ಕಂಡು ಸುಳ್ಳು ಏಳ್ತಾವ್ರೆ ಅನ್ನುಸ್ತಿತ್ತು. ನೀವು ಬ್ಯಾಗನೆ ಬಂದಿದೀರಿ, ಆರ್ ತಿಂಗ್ಳಿಗೆಲ್ಲ ವಾಸಿಯಾಯ್ತದೆ.” ಆಮೇಲೆ ನನ್ನ ಕಡೆ ತಿರುಗಿದರು. “ಬರ್ಕಳಿ ಮೇಡಮ್ಮೋರೆ. ಇಪ್ಪತ್ತಾಯ್ತಲ್ಲ.”

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ‘ಮುಂದುವರಿಸಬಹುದು’ ಅಂತ ಬರೆದು ಸಹಿ ಹಾಕಿದರು. ಕಾರು ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು:

“ಆರು ತಿಂಗಳು ಅಂದನಲ್ಲ... ವಾಸಿಯಾಗೋದು ಮಾತ್ರೆಯಿಂದಲೋ, ಬರೀ ಮಾತಿನಿಂದಲೋ?”