ದಾಕ್ಷಿಣ್ಯದ ಸೊನ್ನೆಗಳು

ನನಗೆ ಎರಡು ಕಾಯಿಲೆಗಳಿವೆ. ಒಂದರ ಹೆಸರು ಗಾಬರಿ. ಅದನ್ನು ಕಂಡುಹಿಡಿಯಲು ಡಾಕ್ಟರಿಗೆ ನಾಲ್ಕು ತಿಂಗಳು ಬೇಕಾಯಿತು. ಇನ್ನೊಂದರ ಹೆಸರು ದಾಕ್ಷಿಣ್ಯ. ಅದನ್ನು ನನ್ನ ಹೆಂಡತಿ ಗಿರಿಜ ಮದುವೆಯಾದ ಮೂರನೇ ದಿನವೇ ಕಂಡುಹಿಡಿದಳು. ಅವತ್ತು ಯಾರದೋ ಮನೆಯ ಔತಣದಲ್ಲಿ ಉಪ್ಪು ಎರಡು ಸಲ ಬಿದ್ದಿದ್ದ ಹುಳಿಯನ್ನು ನಾನು ‘ಚೆನ್ನಾಗಿದೆ’ ಎಂದು ಮೂರು ಸಲ ಬಡಿಸಿಕೊಂಡು, ಸಂಜೆಯವರೆಗೂ ಕುಡಿಯುವ ನೀರಿನ ಚೊಂಬು ಹಿಡಿದು ಓಡಾಡಿದ್ದೆ. ಗಡ್ಡ ಕೆರೆಯುವವನು ಗಲ್ಲ ಕೊಯ್ದು ‘ಉರೀತಾ ಅಣ್ಣ?’ ಅಂದರೆ ‘ಇಲ್ಲಪ್ಪ, ತಣ್ಣಗಿದೆ’ ಅನ್ನುವವನು ನಾನು. ಇದಕ್ಕೆ ನನ್ನ ಕಸುಬೂ ಕಾರಣವಿರಬಹುದು. ಅರಸೀಕೆರೆಯಲ್ಲಿ ನನ್ನದೊಂದು ಕೊಬ್ಬರಿ ಮಂಡಿಯಿದೆ. ವರ್ಷವೆಲ್ಲ ಅಟ್ಟದ ಮೇಲೆ ಕಾಯಿ ಒಣಗಿಸಿ, ಸುಲಿದು, ಚೀಲ ಕಟ್ಟಿ ತಂದ ರೈತ ‘ಹೆಂಗೈತೆ ಅಣ್ಣ ಮಾಲು?’ ಎಂದು ಕೇಳಿದಾಗ ‘ಅರ್ಧ ಬೂಷ್ಟು ಹಿಡಿದಿದೆ’ ಎಂದು ಅವನ ಮುಖಕ್ಕೆ ಹೇಳಲು ನಾಲಗೆ ಏಳುವುದಿಲ್ಲ. ‘ಚೆನ್ನಾಗೈತೆ ಕಣಯ್ಯ, ಇನ್ನೊಂದು ಸ್ವಲ್ಪ ಬಿಸಿಲು ಕಾಣ್ಬೇಕಿತ್ತು’ ಅನ್ನುತ್ತೇನೆ. ಅವನಿಗೂ ಅರ್ಥವಾಗುತ್ತದೆ, ನನಗೂ ಆಗುತ್ತದೆ.

ಗಾಬರಿಯ ಕತೆ ಶುರುವಾದದ್ದು ಬಸ್ಸಿನಲ್ಲಿ. ಎರಡು ವರ್ಷದ ಹಿಂದೆ ಹಳೇಬೀಡಿನಲ್ಲಿರುವ ನಮ್ಮ ಪಾರ್ವತಕ್ಕನ ಮನೆಗೆ ಹೊರಟಿದ್ದೆ. ಜಾವಗಲ್ ಇನ್ನೇನು ಬಂತು ಅನ್ನುವಾಗ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕೈಕಾಲು ತಣ್ಣಗಾಯಿತು, ಉಸಿರು ಗಂಟಲಲ್ಲೇ ನಿಂತಿತು. ನನ್ನ ಕತೆ ಮುಗಿಯಿತು ಅಂದುಕೊಂಡು ಬಸ್ಸು ನಿಲ್ಲಿಸಿ ರಸ್ತೆಯ ಪಕ್ಕ ಕೂತೆ. ಇಡೀ ಬಸ್ಸು ಇಳಿದು ನನ್ನ ಸುತ್ತ ನಿಂತಿತು. ಒಬ್ಬಾಕೆ ಮೂಗಿಗೆ ಈರುಳ್ಳಿ ಹಿಡಿದರು. ಇನ್ನೊಬ್ಬರು ‘ಕೈಗೆ ಕಬ್ಬಿಣ ಕೊಡ್ರಿ’ ಅಂದದ್ದಕ್ಕೆ ಕಂಡಕ್ಟರು ತನ್ನ ಬೈಕಿನ ಕೀ ಕೊಟ್ಟ. ನನಗೆ ಮೂರ್ಛೆ ಬಂದಿರಲಿಲ್ಲ, ಆದರೂ ಅವರ ಮನಸ್ಸು ನೋಯಿಸಬಾರದೆಂದು ಕೀಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಇಸಿಜಿ, ಎಕೋ, ಇನ್ನೇನೇನೋ ತೆಗೆಸಿದ್ದಾಯಿತು. ಗುಂಡಿಗೆ ಕಲ್ಲುಗುಂಡಿನ ಹಾಗಿದೆ, ಇದು ಗಾಬರಿಯ ಕಾಯಿಲೆ ಎಂದರು. ಅಲ್ಲಿಂದಾಚೆ ಬಸ್ಸೂ ಇಲ್ಲ, ಕಾರೂ ಇಲ್ಲ. ಊರಿನ ಗಡಿ ದಾಟುವ ಮಾತು ಬಂದರೆ ‘ಮಂಡಿಗೆ ಲೋಡು ಬರೋದಿದೆ’ ಅನ್ನುತ್ತಿದ್ದೆ. ಆ ಎರಡು ವರ್ಷದಲ್ಲಿ ನಮ್ಮ ನೆಂಟರ ಪ್ರತಿಯೊಂದು ಶುಭಕಾರ್ಯದ ದಿನವೂ ನನ್ನ ಮಂಡಿಗೆ ಲೋಡು ಬಂದಿದೆ.

ಹೀಗಿರುವಾಗ ಅಕ್ಕನ ಮಗಳು ನಂದಿನಿಯ ಮದುವೆ ಗೊತ್ತಾಯಿತು, ಬೇಲೂರಿನ ಕಲ್ಯಾಣ ಮಂಟಪದಲ್ಲಿ. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಆ ಹುಡುಗಿಗಿರುವವನು ನಾನೊಬ್ಬನೇ. ಅಕ್ಕ ಫೋನು ಮಾಡಿ, ‘ನೋಡೋ, ಇದಕ್ಕೂ ನಿನ್ನ ಲೋಡು ಬಂದ್ರೆ ಆ ಲೋಡಿನ ಜೊತೆಗೇ ನಿನ್ನನ್ನೂ ಮೂಟೆ ಕಟ್ಟಿಸ್ತೀನಿ. ಹುಡುಗಿ ಕಾಯ್ತಾ ಕೂತಿರ್ತಾಳೆ ಕಣೋ’ ಅಂದಳು. ಮೊದಲನೆಯ ಮಾತಿಗೆ ನಕ್ಕೆ, ಎರಡನೆಯ ಮಾತಿಗೆ ಕಣ್ಣು ತುಂಬಿತು.

ಅದನ್ನು ಡಾಕ್ಟರ ಹತ್ತಿರ ಹೇಳಿಕೊಂಡಾಗ ಅವರು ಒಂದು ಅಧ್ಯಯನದ ಸುದ್ದಿ ತೆಗೆದರು. ಯಾವುದೋ ದೊಡ್ಡ ಆಸ್ಪತ್ರೆಯವರು ನಮ್ಮಂಥ ಸಣ್ಣ ಊರುಗಳ ಗಾಬರಿಯವರನ್ನು ಸೇರಿಸಿಕೊಂಡು, ಬರೀ ಉಸಿರಾಟದ ಅಭ್ಯಾಸ ಸಾಕೋ ಅಥವಾ ಅದರ ಜೊತೆಗೆ ಹೆದರಿಕೆಯ ಜಾಗಕ್ಕೇ ಒಂದೊಂದು ಮೆಟ್ಟಿಲಾಗಿ ಕಳಿಸಿದರೆ ಹೆಚ್ಚು ಗುಣವೋ ಎಂದು ನೋಡುತ್ತಿದ್ದರು. ಒಪ್ಪಿಗೆ ಪತ್ರ ಓದಿಸಿ ಸಹಿ ಹಾಕಿಸಿಕೊಂಡರು. ಯಾರು ಯಾವ ಗುಂಪಿಗೆ ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿ ನಿರ್ಧರಿಸುತ್ತದಂತೆ, ಡಾಕ್ಟರ ಶಿಫಾರಸೂ ನಡೆಯುವುದಿಲ್ಲವಂತೆ. ನನಗೆ ಬಂದದ್ದು ಮೆಟ್ಟಿಲಿನ ಚೀಟಿ. ಕಂಪ್ಯೂಟರಿಗೆ ದಾಕ್ಷಿಣ್ಯವಿಲ್ಲ ಅನ್ನುವುದು ಆಗಲೇ ಗೊತ್ತಾಯಿತು.

ಪ್ರತಿ ಬುಧವಾರ ನಮ್ಮ ಮನೆಗೆ ಬರುತ್ತಿದ್ದವಳು ಚೈತ್ರ. ಆ ಅಧ್ಯಯನದಲ್ಲೇ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಬಿಕ್ಕೋಡಿನವಳು. ಅಪ್ಪ ಕಾಫಿ ತೋಟದಲ್ಲಿ ಜೀಪು ಓಡಿಸುತ್ತಿದ್ದರಂತೆ, ಅವರ ಮನೆಯಲ್ಲಿ ಇಷ್ಟು ಓದಿದವಳು ಇವಳೇ ಮೊದಲು. ಹಾಳೆಯ ಮೇಲೆ ಆರು ಮೆಟ್ಟಿಲು ಬರೆದು ತೋರಿಸಿದಳು. ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂರುವುದು, ನಿಂತ ಬಸ್ಸು ಹತ್ತಿ ಇಳಿಯುವುದು, ಮುಂದಿನ ಸ್ಟಾಪಿನವರೆಗೆ ಹೋಗುವುದು, ಆಮೇಲೆ ಜಾವಗಲ್, ಹಳೇಬೀಡು, ಬೇಲೂರು. ನನಗೆ ಹುಲಿಕೆರೆಯ ಕಲ್ಯಾಣಿ ಜ್ಞಾಪಕಕ್ಕೆ ಬಂತು. ಚಿಕ್ಕವನಿದ್ದಾಗ ಅಕ್ಕ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಮೂರನೇ ಮೆಟ್ಟಿಲಿಗೇ ನಾನು ಅಳಲು ಶುರು. ಅವಳು ಒಂದು ಚೂರು ಬೆಲ್ಲ ಬಾಯಿಗಿಟ್ಟು ‘ಇದು ಕರಗೋವರೆಗೂ ಇಲ್ಲೇ ನಿಂತ್ಕೋ, ಆಮೇಲೆ ಇನ್ನೊಂದು ಇಳಿಯೋಣ’ ಅನ್ನುತ್ತಿದ್ದಳು. ಬೆಲ್ಲದ ಆಸೆಗೆ ನೀರಿನವರೆಗೂ ಇಳಿದುಬಿಡುತ್ತಿದ್ದೆ. ಚೈತ್ರಳಿಗೆ ಇದನ್ನು ಹೇಳಿದಾಗ, ‘ನಿಮ್ಮಕ್ಕ ಮಾಡಿದ್ದೇ ಇದು ಅಂಕಲ್, ನಾವು ಬೆಲ್ಲ ಕೊಡಲ್ಲ ಅಷ್ಟೇ’ ಎಂದು ನಕ್ಕಳು.

ವಾರವಾರವೂ ಒಂದು ಫಾರಂ ತುಂಬಬೇಕು. ‘ಗಾಬರಿಯಾಯಿತೇ, ನಿದ್ದೆ ಕೆಟ್ಟಿತೇ, ಯಾವುದಾದರೂ ಜಾಗಕ್ಕೆ ಹೋಗುವುದನ್ನು ತಪ್ಪಿಸಿದಿರೇ’ ಎಂಬಂಥ ಪ್ರಶ್ನೆಗಳು. ಇಲ್ಲವೇ ಇಲ್ಲ ಅಂದರೆ ಸೊನ್ನೆ, ದಿನವೂ ಅಂದರೆ ಮೂರು. ಮೊದಲ ವಾರ ಪ್ರಾಮಾಣಿಕನಾಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಂದು, ಪ್ರಾಮಾಣಿಕನಾಗಿಯೇ ಮೂರು ಮೂರು ಎಂದು ತುಂಬಿದೆ. ಚೈತ್ರ ಅದನ್ನು ನೋಡಿ ‘ಪರವಾಗಿಲ್ಲ ಅಂಕಲ್’ ಅಂದಳು. ಆದರೆ ಅವಳ ಮುಖ ಒಂದಿಷ್ಟು ಬಾಡಿದಂತೆ ನನಗೆ ಕಂಡಿತು. ಪಾಪ, ಎರಡು ಬಸ್ಸು ಬದಲಾಯಿಸಿ ಬರುವ ಹುಡುಗಿ, ಬಗಲಲ್ಲಿ ಅಷ್ಟು ದಪ್ಪದ ಫೈಲು, ಗಿರಿಜ ಕೊಟ್ಟ ಕಾಫಿಯನ್ನು ಒಂದು ಹನಿ ಬಿಡದೆ ಕುಡಿಯುವವಳು. ಕಾಫಿ ಸೀಮೆಯವಳೆಂದು ಡಿಕಾಕ್ಷನ್ನನ್ನು ಇನ್ನಷ್ಟು ಗಟ್ಟಿ ಮಾಡಲು ನಾನೇ ಹೇಳಿದ್ದೆ. ಇಂಥವಳ ಕೈಗೆ ಮೂರು ಮೂರು ಎಂದು ಬರೆದುಕೊಡುವುದು ಹೇಗೆ? ಎರಡನೇ ವಾರ ಎಲ್ಲದಕ್ಕೂ ಒಂದು ಹಾಕಿದೆ. ಅವಳ ಮುಖ ಅರಳಿತು. ಮೂರನೇ ವಾರದಿಂದ ಬರೀ ಸೊನ್ನೆ.

ಸೊನ್ನೆ ಹಾಕಿದ ಮೇಲೆ ಮೆಟ್ಟಿಲನ್ನೂ ಇಳಿದಿದ್ದೇನೆ ಅನ್ನಬೇಕಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸನ್ನು ದೂರದಿಂದ ನೋಡಿ, ಎದುರಿನ ಹೋಟೆಲಿನಲ್ಲಿ ಎರಡು ವಡೆ ತಿಂದು ಮನೆಗೆ ಬಂದು, ‘ಜಾವಗಲ್‌ವರೆಗೆ ಹೋಗಿದ್ದೆನಮ್ಮ’ ಅಂದೆ. ಅದರ ಮುಂದಿನ ವಾರ ಹಳೇಬೀಡೂ ಆಯಿತು. ‘ಹಾಗಾದ್ರೆ ಅಕ್ಕನ ಮನೆಗೂ ಹೋಗಿರ್ತೀರ, ಹೇಗಿದ್ದಾರೆ?’ ಅಂದಳು. ‘ಚೆನ್ನಾಗಿದ್ದಾಳಮ್ಮ. ಅವರೆಕಾಳಿನ ಉಪ್ಪಿಟ್ಟು ಮಾಡಿದ್ಲು’ ಅಂದೆ. ಅಡುಗೆಮನೆಯಲ್ಲಿ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು.

ಚೈತ್ರ ಸಂತೋಷದಿಂದ ಫೈಲು ಮುಚ್ಚುತ್ತ ಹೇಳಿದಳು: ‘ಅಂಕಲ್, ನಿಮ್ಮ ಫಾರಂ ನೋಡಿ ನಮ್ಮ ಮೇಡಂ ಕೂಡ ಖುಷಿಯಾದ್ರು. ಇಷ್ಟು ಬೇಗ ಆಗುತ್ತೆ ಅಂದ್ರೆ ಬೇರೆಯವರಿಗೂ ಮೆಟ್ಟಿಲು ಬೇಗ ಬೇಗ ಇಳಿಸಬಹುದಾ ಅಂತ ಯೋಚನೆ ಮಾಡೋಣ ಅಂದ್ರು. ಒಬ್ಬರು ಆಂಟಿ ಇದ್ದಾರೆ, ಹೊಲಿಗೆ ಕೆಲಸದವರು, ಮೂರು ವರ್ಷದಿಂದ ಮನೆ ಹೊಸಿಲೇ ದಾಟಿಲ್ಲ.’

ಅವಳು ಹೋದ ಮೇಲೆ ಗಿರಿಜ ಬಂದು ಎದುರಿಗೆ ನಿಂತಳು. ಅವಳಿಗೆ ದಾಕ್ಷಿಣ್ಯ ಎಂಬ ಪದಾರ್ಥವನ್ನು ದೇವರು ಕೊಟ್ಟೇ ಇಲ್ಲ. ‘ರೀ, ಚೀಲದ ಬಾಯಿಗೆ ಒಳ್ಳೆ ಕೊಬ್ಬರಿ ಜೋಡಿಸಿ ಅಡಿಗೆ ಕೊಳೆತದ್ದು ತುಂಬಿ ತರೋರನ್ನ ಮನೇಗೆ ಬಂದು ಬೈಕೋತೀರಲ್ಲ. ಆ ಮಗೂಗೆ ನೀವು ಕಟ್ಟಿಕೊಟ್ಟಿದ್ದೇನು?’ ಅಂದಳು. ಆ ಹೊಲಿಗೆಯಾಕೆ ಯಾರೋ ಏನೋ, ನನ್ನ ಸೊನ್ನೆಗಳನ್ನು ನಂಬಿ ಆಕೆಯನ್ನು ಒಂದೇ ಸಲಕ್ಕೆ ಬಸ್ಸು ಹತ್ತಿಸಿದರೆ ಏನು ಗತಿ ಎಂದು ಯೋಚಿಸಿದಾಗ ಎದೆ ಜಾವಗಲ್ಲಿನಲ್ಲಿ ಹೊಡೆದುಕೊಂಡ ಹಾಗೆಯೇ ಹೊಡೆದುಕೊಂಡಿತು. ಮದುವೆಗೆ ಇನ್ನು ನಾಲ್ಕೇ ವಾರ ಉಳಿದಿತ್ತು, ನಾನು ನಿಜವಾಗಿ ನಿಂತಿದ್ದದ್ದು ಮೊದಲನೇ ಮೆಟ್ಟಿಲಿನಲ್ಲಿ.

ಮುಂದಿನ ಬುಧವಾರ ಚೈತ್ರ ಬಂದು ಕೂತಾಗ ನನ್ನ ಅಂಗೈ ಒದ್ದೆಯಾಗಿತ್ತು. ಎದ್ದು ಮಂಡಿಗೆ ಹೋಗಿಬಿಡೋಣ, ಲೋಡು ಬಂದಿದೆ ಅನ್ನೋಣ ಅನ್ನಿಸಿತು. ಗಿರಿಜ ಬಾಗಿಲಿಗೆ ಅಡ್ಡವಾಗಿ ಕೂತು ಹೂವು ಕಟ್ಟುತ್ತಿದ್ದಳು. ಹೇಳಿಬಿಟ್ಟೆ. ವಡೆಯಿಂದ ಹಿಡಿದು ಉಪ್ಪಿಟ್ಟಿನವರೆಗೆ ಎಲ್ಲವನ್ನೂ. ಹುಡುಗಿಯ ಮುಖ ಈ ಸಲ ನಿಜವಾಗಿಯೇ ಬಾಡಿತು. ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು.

‘ಆ ಫಾರಂಗಳನ್ನ ಹರಿದುಹಾಕಿ ಹೊಸದು ಬರೆದುಕೊಡ್ಲೇನಮ್ಮ?’ ಅಂದೆ.

‘ಹರಿಯೋ ಹಾಗಿಲ್ಲ ಅಂಕಲ್, ಅಳಿಸೋ ಹಾಗೂ ಇಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಕೆಳಗಿರೋದು ಕಾಣೋ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕ್ಬೇಕು. ನಾನು ಮೇಡಂಗೂ ಹೇಳ್ಬೇಕು. ಸುಳ್ಳೂ ಉಳಿಯುತ್ತೆ, ನಿಜವೂ ಉಳಿಯುತ್ತೆ.’

‘ನನ್ನನ್ನ ತೆಗೆದುಹಾಕ್ತಾರಾ?’

‘ಇಲ್ಲ. ಗುಣ ಆಗ್ಲಿಲ್ಲ ಅನ್ನೋದೂ ನಮಗೆ ಬೇಕಾದ ಉತ್ತರಾನೇ. ಅದನ್ನ ನಾನೇ ನಿಮಗೆ ಬಿಡಿಸಿ ಹೇಳ್ಬೇಕಿತ್ತು.’ ಆಮೇಲೆ ಅವಳು ನನ್ನನ್ನೇ ನೋಡುತ್ತ ಕೇಳಿದಳು: ‘ಅಂಕಲ್, ಈಗ ಬಾಯಿ ಬಿಡೋ ಮುಂಚೆ ಗಾಬರಿ ಹತ್ತಕ್ಕೆ ಎಷ್ಟಿತ್ತು?’

‘ಒಂಬತ್ತು.’

‘ಈಗ?’

ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ‘ನಾಲ್ಕಿರಬಹುದು.’

‘ಮಾತ್ರೆ ತಗೊಂಡ್ರಾ? ಎದ್ದು ಓಡಿದ್ರಾ?’

‘ಎಲ್ಲಿ ಓಡ್ಲಿ, ಬಾಗಿಲಲ್ಲಿ ಇವಳಿದ್ದಾಳಲ್ಲ.’

‘ಬಸ್ಸಲ್ಲೂ ಇಷ್ಟೇ ಅಂಕಲ್. ಏರುತ್ತೆ, ನೀವು ಅಲ್ಲೇ ಕೂತಿದ್ರೆ ತಾನಾಗಿ ಇಳಿಯುತ್ತೆ’ ಅಂದವಳು ತಲೆ ತಗ್ಗಿಸಿದಳು. ‘ನಂದೂ ಒಂದು ಹೇಳಿಬಿಡ್ತೀನಿ. ನಾನು ಕಾಫಿ ಕುಡಿಯೋದೇ ಇಲ್ಲ. ಎದೆ ಉರಿಯುತ್ತೆ. ಆಂಟಿ ಅಷ್ಟು ಪ್ರೀತಿಯಿಂದ ಕೊಡ್ತಾರಲ್ಲ ಅಂತ…’

ಗಿರಿಜ ಎದ್ದುಹೋಗಿ ಒಂದು ಲೋಟ ಮಜ್ಜಿಗೆ ತಂದಿಟ್ಟಳು.

ಆ ಮೂರು ವಾರ ನಾನು ಪಟ್ಟ ಪಾಡನ್ನು ಪೂರ್ತಿ ಹೇಳುವುದಿಲ್ಲ. ನಿಂತ ಬಸ್ಸು ಹತ್ತಿ ಇಳಿದದ್ದು ಏಳು ಸಲ. ಎಂಟನೇ ಸಲಕ್ಕೆ ಡ್ರೈವರು ‘ಸ್ವಾಮಿ, ಬಸ್ಸು ಕೊಂಡುಕೊಳ್ತೀರಾ ಹೆಂಗೆ?’ ಎಂದು ಕೇಳಿದ. ಜಾವಗಲ್ಲಿಗೆ ಹೋಗುವಾಗ ಗಿರಿಜ ಮೂರು ಸೀಟು ಹಿಂದೆ ಕೂತಳು, ಕೈಹಿಡಿದುಕೊಳ್ಳಬಾರದೆಂಬುದು ಚೈತ್ರಳ ಕಟ್ಟಪ್ಪಣೆ. ಹಿಂದೆ ನಾನು ಕೂತಿದ್ದ ಆ ರಸ್ತೆಯ ಪಕ್ಕದ ಜಾಗ ಬಂದಾಗ ಎಂಟಕ್ಕೇರಿತು. ಬಾಯಲ್ಲಿ ಬೆಲ್ಲದ ಚೂರಿತ್ತು. ಅದು ಅಧ್ಯಯನದ ನಿಯಮದಲ್ಲಿರಲಿಲ್ಲ, ಆದರೂ ಇಟ್ಟುಕೊಂಡಿದ್ದೆ, ಮತ್ತು ಅದನ್ನೂ ಫಾರಮಿನಲ್ಲಿ ಬರೆದೆ. ಬೆಲ್ಲ ಕರಗುವ ಹೊತ್ತಿಗೆ ಐದಾಗಿತ್ತು. ಹಳೇಬೀಡಿನಲ್ಲಿ ಇಳಿದು ಅಕ್ಕನ ಮನೆಗೆ ಹೋದಾಗ ಅವಳು ಬೈಯಲು ಬಾಯಿ ತೆರೆದು, ಬೈಯಲಾರದೆ ಅತ್ತಳು. ನಾನೂ ಅತ್ತೆ. ಉಪ್ಪಿಟ್ಟು ಮಾಡಿಕೊಟ್ಟಳು, ಅವರೆಕಾಳು ಇರಲಿಲ್ಲ.

ಮದುವೆಯ ದಿನ ಬೇಲೂರಿಗೆ ಬಸ್ಸಿನಲ್ಲೇ ಹೋದೆ. ಮುಹೂರ್ತಕ್ಕೆ ಕರೆ ಬಂದಾಗ ನಂದಿನಿಯ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಎದುರಿಗೆ ಐನೂರು ಜನ, ವಾಲಗದ ಸದ್ದು, ನನ್ನ ಎದೆಯಲ್ಲಿ ಅದರದೇ ಬೇರೆ ವಾಲಗ. ಅವಳ ಕೈ ಹಿಡಿದೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಬಗ್ಗಿ ಕೇಳಿದೆ: ‘ಹತ್ತಕ್ಕೆ ಎಷ್ಟಮ್ಮ?’

ಅವಳಿಗೆ ಅಕ್ಕ ಎಲ್ಲ ಹೇಳಿದ್ದಳೆಂದು ಕಾಣುತ್ತದೆ. ‘ಎಂಟು, ಮಾವ. ನಿಮಗೆ?’

‘ಒಂಬತ್ತು. ನಡಿ, ಹೋಗ್ತಾ ಹೋಗ್ತಾ ಇಳಿಯುತ್ತೆ’ ಅಂದೆ. ಮಂಟಪ ಮುಟ್ಟುವ ಹೊತ್ತಿಗೆ ನನ್ನದು ಆರಕ್ಕಿಳಿದಿತ್ತು. ಅವಳದು ಎಷ್ಟಾಗಿತ್ತೋ ಕೇಳಲಿಲ್ಲ, ಅಂತರಪಟದ ಆಚೆ ನೋಡುವುದರಲ್ಲಿದ್ದಳು.

ಕೊನೆಯ ಫಾರಮಿನಲ್ಲಿ ನನಗೆ ಸೊನ್ನೆ ಒಂದೂ ಬರಲಿಲ್ಲ. ಎಲ್ಲ ಒಂದು, ಅಲ್ಲೊಂದು ಇಲ್ಲೊಂದು ಎರಡು. ಚೈತ್ರ ಅದನ್ನು ಎರಡು ಸಲ ಓದಿ, ಹಳೆಯ ಸೊನ್ನೆಗಳನ್ನು ನೋಡಿದಾಗಲೂ ಅರಳದಷ್ಟು ಅರಳಿದಳು. ಎಲ್ಲರ ಫಾರಂ ಸೇರಿ ಲೆಕ್ಕ ಹಾಕಿದ ಮೇಲೆಯೇ ಯಾವ ಗುಂಪಿಗೆ ಎಷ್ಟು ಗುಣ ಎಂದು ತಿಳಿಯುವುದಂತೆ, ನನ್ನೊಬ್ಬನಿಂದ ಏನೂ ತೀರ್ಮಾನವಾಗುವುದಿಲ್ಲವಂತೆ. ಆ ಹೊಲಿಗೆಯಾಕೆ ಹೊಸಿಲು ದಾಟಿ ಬೀದಿಯ ತಿರುವಿನವರೆಗೆ ಬಂದಿದ್ದಾರೆ ಎಂದಷ್ಟೇ ಹೇಳಿದಳು. ಅವತ್ತು ನಾನು ಮಂಡಿಗೆ ಹೋಗಿ ಒಬ್ಬ ರೈತನಿಗೆ ‘ಮಾಲು ಬೂಷ್ಟು ಹಿಡಿದೈತೆ ಕಣಪ್ಪ’ ಎಂದು ಮುಖ ನೋಡಿಯೇ ಹೇಳಿದೆ. ಹತ್ತಕ್ಕೆ ಏಳು. ಅವನು, ‘ಗೊತ್ತು ಕಣಣ್ಣ, ನೀವು ಹೇಳ್ತೀರೋ ಇಲ್ವೋ ಅಂತ ನೋಡ್ತಿದ್ದೆ’ ಅಂದ.

ಇದನ್ನೆಲ್ಲ ಬರೆದು ಮುಗಿಸಿದ ಮೇಲೆ, ಅವಳ ವಿಷಯವೂ ಬಂದಿದೆಯಲ್ಲ ಎಂದು ಮೊದಲು ಚೈತ್ರಳಿಗೇ ವಾಟ್ಸಾಪಿನಲ್ಲಿ ಕಳಿಸಿ, ‘ಹೇಗಿದೆ, ದಾಕ್ಷಿಣ್ಯ ಬೇಡ’ ಎಂದು ಕೇಳಿದೆ. ಓದಲು ಹತ್ತು ನಿಮಿಷವಾದರೂ ಬೇಕಾದ ಬರಹ. ಅರ್ಧ ನಿಮಿಷದಲ್ಲಿ ಉತ್ತರ ಬಂತು: ‘ತುಂಬಾ ಚೆನ್ನಾಗಿದೆ ಅಂಕಲ್.’