ಕಾಲುವೆ ಸೇತುವೆಯ ಮೇಲೆ ಬಸ್ಸಿಗೆ ಅಡ್ಡ ನಿಂತ ಎಮ್ಮೆಯವರಿಗೆ

ಗೆ,
ಶ್ರೀಮತಿ ಎಮ್ಮೆಯವರು,
ಉಚ್ಚೆಂಗಮ್ಮನವರ ಕೊಟ್ಟಿಗೆ, ಕಾಲುವೆ ದಂಡೆ,
ಬುಕ್ಕಸಾಗರ ದಾಟಿದ ಮೇಲೆ.

ಮಾನ್ಯರೇ,

ಹೊಸಪೇಟೆ ಬಸ್ ನಿಲ್ದಾಣದ ಎದುರಿಗೆ ಬಳೆ ಅಂಗಡಿ ಇಟ್ಟುಕೊಂಡಿರುವ ದುರ್ಗಕ್ಕ ಎಂಬ ನಾನು ತಮ್ಮ ನಾಲ್ಕೂ ಪಾದಗಳಿಗೆ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ಇಲ್ಲಿ ನಾನು ಕ್ಷೇಮ, ನನ್ನ ಮಗಳು ಗಂಗಾ ಕ್ಷೇಮ, ಆಕೆಯ ಮಗಳು ದೇವಿಕಾ ಕ್ಷೇಮವೋ ಅಲ್ಲವೋ ಸರ್ಕಾರದ ಮಟ್ಟಿಗೆ ಇನ್ನೂ ತೀರ್ಮಾನವಾಗಿಲ್ಲ, ಏಕೆಂದರೆ ಆಕೆ ಹುಟ್ಟಿದ್ದಾಳೆ ಎಂಬುದಕ್ಕೇ ಪ್ರಮಾಣಪತ್ರವಿಲ್ಲ. ಪ್ರಮಾಣಪತ್ರವಿಲ್ಲದ್ದರಿಂದ ಕಂಪ್ಲಿಯ ಶಾಲೆಯ ಒಂದನೇ ತರಗತಿಯಲ್ಲಿ ಆಕೆ ಕೂರುತ್ತಾಳೆಯೇ ಹೊರತು ಹಾಜರಿ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ. ತಮ್ಮ ಮೇವು, ನೀರು, ಮೈ ತಿಕ್ಕಿಕೊಳ್ಳುವ ಕಲ್ಲುಕಂಬ ಎಲ್ಲವೂ ಸುಖವಾಗಿವೆ ಎಂದು ನಂಬಿದ್ದೇನೆ.

ಎಮ್ಮೆಗೆ ಪತ್ರ ಬರೆಯುತ್ತಿದ್ದಾಳೆ, ದುರ್ಗಕ್ಕನಿಗೆ ತಲೆ ಕೆಟ್ಟಿದೆ ಎಂದು ಜನ ನಗಬಹುದು, ನಗಲಿ. ಓದಲು ಬರುವವರಿಗೆಲ್ಲ ನಾನು ಬರೆದು ಆಗಿದೆ, ಅವರಾರೂ ಓದಲಿಲ್ಲ. ಆದ್ದರಿಂದ ಓದಲು ಬಾರದ ತಮಗೆ ಬರೆದರೆ ನನಗೆ ಹೊಸದಾಗಿ ಆಗುವ ನಷ್ಟವೇನೂ ಇಲ್ಲ. ಮೇಲಾಗಿ ತಾವು ಮಾತಾಡಿಸಿದರೆ ಕಿವಿಯನ್ನಾದರೂ ಅಲ್ಲಾಡಿಸುತ್ತೀರಿ. ಈ ಪತ್ರದ ಒಂದು ಪ್ರತಿಯನ್ನು ಹೋಗಿಬರುವವರಿಗೆಲ್ಲ ಕಾಣುವಂತೆ ನನ್ನ ಅಂಗಡಿಯ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ತಮ್ಮ ಕೊಟ್ಟಿಗೆಗೇ ತಂದು ನಾನೇ ಓದಿ ಹೇಳುವವಳಿದ್ದೇನೆ. ಓದಿ ಮುಗಿಯುವ ಮುಂಚೆ ಕಾಗದವನ್ನು ತಿನ್ನಬಾರದಾಗಿ ಪ್ರಾರ್ಥನೆ.

ಆ ದಿನ ತಮಗೆ ನೆನಪಿರಬಹುದು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಮಂದಿಯ ಪದ್ಧತಿಯಾದ್ದರಿಂದ, ಕಂಪ್ಲಿಯ ಗಂಡನ ಮನೆಯಲ್ಲಿ ಉಡಿ ತುಂಬಿಸಿಕೊಂಡ ಗಂಗಾಳನ್ನು ನಾನು ಬಸ್ಸಿನಲ್ಲಿ ಹೊಸಪೇಟೆಗೆ ಕರೆತರುತ್ತಿದ್ದೆ. ಡಾಕ್ಟರು ಕೊಟ್ಟ ತಾರೀಖು ಇನ್ನೂ ದೂರವಿತ್ತು, ಆದರೆ ಅದನ್ನು ಕೂಸಿಗೆ ಯಾರೂ ತಿಳಿಸಿರಲಿಲ್ಲ. ಬುಕ್ಕಸಾಗರ ದಾಟಿ ಬಾಳೆತೋಟಗಳು ಬರುತ್ತಿದ್ದಂತೆ ನೋವು ಶುರುವಾಯಿತು, ಹಿಂದಿನ ಸೀಟಿನ ಸುತ್ತ ಹೆಂಗಸರು ಸೀರೆ ಹಿಡಿದರು, ಡ್ರೈವರು ಹೇಗಾದರೂ ಆಸ್ಪತ್ರೆ ಮುಟ್ಟಿಸಬೇಕೆಂದು ಬಸ್ಸನ್ನು ಓಡಿಸುತ್ತಲೇ ಇದ್ದ, ಓಡುವ ಬಸ್ಸಿನಲ್ಲೇ ಕೂಸು ಹುಟ್ಟಿ ಬಸ್ಸಿನ ಹಾರ್ನಿಗಿಂತ ಜೋರಾಗಿ ಅತ್ತಿತು.

ಕೂಸು ಹುಟ್ಟಿದ ಕೂಡಲೇ ಕಂಚಿನ ತಾಟು ಬಡಿದು ಓಣಿಗೆಲ್ಲ ಸುದ್ದಿ ಮುಟ್ಟಿಸುವುದು ನಮ್ಮ ರೂಢಿ. ಬಸ್ಸಿನಲ್ಲಿ ತಾಟು ಎಲ್ಲಿಂದ ಬರಬೇಕು? ನಮ್ಮ ಕಡೆಯವನೇ ಆದ ಕಂಡಕ್ಟರ್ ಹುಲಿಗೇಶ್, "ತಾಟಿಲ್ದಿದ್ರ ಏನಾತು ಬಿಡ್ರಿ, ತಗಡೈತಲ್ಲ" ಎಂದವನೇ ಬಾಗಿಲಲ್ಲಿ ನಿಂತು ಬಸ್ಸಿನ ಮೈಯನ್ನೇ ಢಣಢಣ ಬಡಿದ. ತಗಡು ಬಡಿದರೆ ನಿಲ್ಲಿಸಬೇಕು ಎಂದಷ್ಟೇ ಕಲಿತು ಬಾಳ್ವೆ ಮಾಡಿದ ಡ್ರೈವರು ಬ್ರೇಕು ಒತ್ತಿದ. ಅದೇ ಗಳಿಗೆಗೆ ಕಾಲುವೆ ಸೇತುವೆಯ ನಟ್ಟನಡುವೆ ತಾವೂ ಅಡ್ಡಲಾಗಿ ನಿಂತಿದ್ದಿರಿ. ಬಸ್ಸು ತಮ್ಮ ಮೂಗಿನ ಮುಂದೆ ನಿಂತಿತು. ಯಾರೋ ಕೋಲು ಹುಡುಕಲು ಇಳಿದಾಗ ತಮ್ಮ ಯಜಮಾನಿ ಉಚ್ಚೆಂಗಮ್ಮ ತೋಟದಿಂದ ಓಡಿಬಂದು, "ಗಬ್ಬದ ಎಮ್ಮಿ ಐತ್ರಿ, ಬಡೀಬ್ಯಾಡ್ರಿ, ತಾನಾ ಹೋಗ್ತೈತಿ" ಎಂದಳು. ಕಿಟಕಿಯಿಂದ ನಾನು, "ನಮ್ ಕಡಿನೂ ಈಗ ಹಡದಾಕಿ ಅದಾಳವ್ವ, ಜಲ್ದಿ ಸರಿಸು" ಎಂದೆ. ಆ ಮಾತು ಕೇಳಿದವಳೇ ಆಕೆ ತಮ್ಮನ್ನು ಮರೆತು ಮನೆಗೆ ಓಡಿ, ಒಗೆದಿಟ್ಟ ಮೆತ್ತನೆಯ ಹಳೆ ಸೀರೆ ತಂದು ಕೂಸಿಗೆ ಸುತ್ತಲು ಕೊಟ್ಟಳು. ತಾವು ಮಾತ್ರ ಮೆಲುಕು ಹಾಕುತ್ತಾ, ತಮಗೆ ಬೇಕೆನಿಸಿದಾಗ ಬೇಕೆನಿಸಿದ ಕಡೆಗೆ ನಡೆದು ಹೋದಿರಿ. ಆಗ ನನಗೆ ತಮ್ಮ ಮೇಲೆ ಸಿಟ್ಟೇ ಬರಲಿಲ್ಲ. ಸಿಟ್ಟು ಬರಲು ಕಚೇರಿಗಳನ್ನು ಹತ್ತಿ ಇಳಿಯಬೇಕಾಯಿತು.

ಓಡುವ ಗಾಡಿಯಲ್ಲಿ ಕೂಸು ಹುಟ್ಟಿದರೆ ಆ ಗಾಡಿ ಮೊದಲು ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ಜನನ ನೋಂದಣಿ ಮಾಡಿಸಬೇಕಂತೆ. ಎಂಥ ಒಳ್ಳೆಯ ಕಾನೂನು ನೋಡಿ, ಬಸ್ಸಿನಲ್ಲಿ ಹೆರುವವರನ್ನೂ ಸರ್ಕಾರ ಮರೆತಿಲ್ಲ. ಆದರೆ ಬಸ್ಸು ನಿಂತದ್ದು ಕಾಲುವೆ ಸೇತುವೆಯ ಮೇಲೆ, ಕಾಲುವೆಯೇ ಎರಡು ಪಂಚಾಯಿತಿಗಳ ಗಡಿ. ಈಚೆಯ ಪಂಚಾಯಿತಿಯವರು ನನಗೆ ಕುರ್ಚಿ ಕೊಟ್ಟು, ಬಸ್ಸಿನ ಮುಂದಿನ ಗಾಲಿ ಆಚೆ ಇತ್ತಾದ್ದರಿಂದ ಕೂಸು ಆಚೆಯದು ಎಂದರು. ಆಚೆಯವರು ಕುರ್ಚಿಯ ಜೊತೆಗೆ ಚಹಾವನ್ನೂ ಕೊಟ್ಟು, ಕೂಸು ಹುಟ್ಟಿದ್ದು ಹಿಂದಿನ ಸೀಟಿನಲ್ಲಿ, ಹಿಂದಿನ ಗಾಲಿ ಈಚೆ ಇತ್ತು ಎಂದರು. ಸೇತುವೆ ಯಾರದೋ ಅವರನ್ನೇ ಕೇಳೋಣವೆಂದು ನೀರಾವರಿ ಕಚೇರಿಗೆ ಹೋದರೆ ಅಲ್ಲಿಯ ಎಂಜಿನಿಯರು, "ನಾವು ನೀರು ಬಿಡೋರು ತಾಯಿ, ಕೂಸು ಬರ್ಕೊಳ್ಳೋರಲ್ಲ" ಎಂದು ಕೈಮುಗಿದರು. ಬಾಣಂತಿಯನ್ನು ಆ ದಿನ ಒಳಗೆ ಸೇರಿಸಿಕೊಂಡ ಆಸ್ಪತ್ರೆಯವರು, ಹುಟ್ಟಿಕೊಂಡೇ ಬಂದ ಕೂಸಿಗೆ ನಾವು ಜವಾಬ್ದಾರರಲ್ಲ ಎಂದು ಬರೆದುಕೊಟ್ಟರು. ಇಷ್ಟು ಮರ್ಯಾದೆಯಿಂದ ನನ್ನನ್ನು ನನ್ನ ಬೀಗರೂ ಸಾಗಹಾಕಿಲ್ಲ.

ಕೊನೆಗೆ ಇವರೆಲ್ಲರಿಗಿಂತ ದೊಡ್ಡ ಸಾಹೇಬರೊಬ್ಬರು ವಿಚಾರಣೆ ಇಟ್ಟರು. ಕಂಡಕ್ಟರ್ ಸೂಚನೆ ಕೊಟ್ಟು ಬಸ್ಸು ನಿಂತರೆ ಅದು ನಿಲುಗಡೆ, ಎಮ್ಮೆ ಅಡ್ಡ ಬಂದು ನಿಂತರೆ ಅದು ಅಡಚಣೆ, ಕಾನೂನು ಕೇಳುವುದು ನಿಲುಗಡೆಯನ್ನು, ನಿಲುಗಡೆಯೆಂದಾದರೆ ಎರಡರಲ್ಲೊಂದು ಪಂಚಾಯಿತಿಗೆ ನಾನೇ ಆದೇಶ ಕೊಡುತ್ತೇನೆ ಎಂದು ಅವರು ಬಿಡಿಸಿ ಹೇಳಿದಾಗ ನನಗೆ ಜೀವ ಬಂದಂತಾಯಿತು. ತಗಡು ಬಡಿದವನು ಸಾಕ್ಷಿ ಹೇಳಲು ಬಂದಿದ್ದನಲ್ಲ. ನಿಲ್ಲಿಸಲು ಬಡಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಸುಳ್ಳು ಹೇಳಿದರೆ ನಾಲಿಗೆಗೆ ಹುಳ ಬೀಳುತ್ತದೆಂದು ನಂಬಿದ ಆ ಪುಣ್ಯಾತ್ಮ, "ಇಲ್ರಿ ಸಾಹೇಬ್ರ, ನಿಲ್ಲಸಾಕ ಬಡದಿಲ್ರಿ, ಹೆಣ್ಣು ಕೂಸು ಹುಟ್ತಲ್ರಿ, ಖುಷಿಗೆ ಬಡದೀನ್ರಿ" ಎಂದುಬಿಟ್ಟ. ಕಾಗದದಲ್ಲಿ ಖುಷಿಗೆ ಜಾಗವಿರಲಿಲ್ಲ. ಬಸ್ಸನ್ನು ನಿಲ್ಲಿಸಿದ್ದು ಎಮ್ಮೆಯೇ, ಆದ್ದರಿಂದ ಬಸ್ಸು ಅಲ್ಲಿ ನಿಂತೇ ಇಲ್ಲ, ಮೊದಲು ನಿಂತದ್ದು ಹೊಸಪೇಟೆಯಲ್ಲಿ, ಅಲ್ಲಿಗೇ ಹೋಗಿ ಎಂದು ಸಾಹೇಬರು ಬರೆದರು. ಹೊಸಪೇಟೆಯ ಕಚೇರಿಯವರು, ಯಾರೋ ಪ್ರಯಾಣಿಕರು ಮೊಬೈಲಿನಲ್ಲಿ ಹಿಡಿದಿದ್ದ ತಮ್ಮ ಚಿತ್ರವನ್ನೇ ನನಗೆ ತೋರಿಸಿ, "ಇಷ್ಟು ಆರಾಮಾಗಿ ನಿಂತೈತಲ್ರೀ ಬಸ್ಸು, ಇದಕ್ಕ ನಿಂತಿಲ್ಲ ಅಂತ ನಾವು ಹೆಂಗ ಬರಿಯೋಣ" ಎಂದರು. ಚಿತ್ರದಲ್ಲಿ ತಾವು ಭಾಳ ಚೆನ್ನಾಗಿ ಬಂದಿದ್ದೀರಿ.

ಆ ಚಿತ್ರವನ್ನು ನೋಡುವಾಗಲೇ, ಮಾನ್ಯರೇ, ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿದ್ದದ್ದು. ತಮ್ಮ ಎಡಗಿವಿಯಲ್ಲಿ ಹಳದಿ ಬಿಲ್ಲೆಯೊಂದಿದೆ, ಅದರ ಮೇಲೆ ಸರ್ಕಾರ ಕೊಟ್ಟ ಅಂಕಿ ಇದೆ. ತಾವು ಅರ್ಜಿ ಹಾಕಲಿಲ್ಲ, ಸರದಿಯಲ್ಲಿ ನಿಲ್ಲಲಿಲ್ಲ, ಸಾಕ್ಷಿಗಳನ್ನು ಹೊಂದಿಸಲಿಲ್ಲ, ಎಲ್ಲಿ ಹುಟ್ಟಿದಿರಿ ಎಂದು ತಮ್ಮನ್ನು ಯಾರೂ ಕೇಳಲೂ ಇಲ್ಲ. ಪಶು ಆಸ್ಪತ್ರೆಯವರೇ ಕೊಟ್ಟಿಗೆ ಹುಡುಕಿಕೊಂಡು ಬಂದು, ತಾವು ಹಿಂಡಿ ತಿನ್ನುತ್ತಿರುವಾಗಲೇ ಕಿವಿಗೆ ಬಿಲ್ಲೆ ಒತ್ತಿ, ತಮ್ಮ ವಯಸ್ಸು, ತಳಿ, ಹಾಲು ಎಲ್ಲವನ್ನೂ ಬರೆದುಕೊಂಡು, ಉಚ್ಚೆಂಗಮ್ಮನಿಗೇ ನಮಸ್ಕಾರ ಹೇಳಿ ಹೋದರಂತೆ. ತಮ್ಮ ಈ ಯೋಗ್ಯತೆಗೆ ನಾನು ತಲೆಬಾಗುತ್ತೇನೆ. ಬಿಲ್ಲೆಯಿರುವವರು ಅಡ್ಡ ನಿಂತದ್ದರಿಂದ ಏನೂ ಇಲ್ಲದ ಕೂಸಿನ ಗತಿ ಹೀಗಾಯಿತು ಎಂಬುದಷ್ಟೇ ನನ್ನ ದೂರು.

ದೇವಿಕಾಳ ಶಾಲೆಯ ಯಶೋಧರಾ ಮಿಸ್ಸು ಒಳ್ಳೆಯವರು. ಪ್ರಮಾಣಪತ್ರ ಬರುವ ತನಕ ಸುಮ್ಮನೆ ಬಂದು ಕೂರಲಿ ಎಂದು ಮುಂದಿನ ಸಾಲಿನಲ್ಲೇ ಜಾಗ ಕೊಟ್ಟಿದ್ದಾರೆ. ಕಂಪ್ಯೂಟರು ಒಪ್ಪದೆ ಹೆಸರು ಬರೆಯಲು ಅವರಿಗೂ ದಾರಿಯಿಲ್ಲ. ಮೊನ್ನೆ ಕಂಪ್ಲಿಗೆ ಹೋದವಳು ಶಾಲೆಗೆ ಬುತ್ತಿ ಕೊಡಲು ಹೋದಾಗ ಕಿಟಕಿಯಾಚೆ ನಿಂತು ನೋಡಿದೆ. ಮಿಸ್ಸು ಒಂದೊಂದೇ ಹೆಸರು ಕರೆಯುತ್ತಾರೆ, ಮಕ್ಕಳು ಒಬ್ಬೊಬ್ಬರಾಗಿ ಎದ್ದು ಓಗೊಡುತ್ತವೆ, ಪಟ್ಟಿ ಮುಗಿದು ಪುಸ್ತಕ ಮುಚ್ಚಿದ ಮೇಲೆ ನಮ್ಮ ದೇವಿಕಾ ತಾನಾಗಿಯೇ ಎದ್ದು ನಿಂತು, "ನಾನೂ ಬಂದೀನ್ರಿ ಮಿಸ್" ಎನ್ನುತ್ತಾಳೆ. ಮಿಸ್ಸು "ಹೌದವ್ವ, ಬಂದೀದಿ" ಎನ್ನುತ್ತಾರೆ, ಆಮೇಲೆ ಕೂರುತ್ತಾಳೆ. ದಿನಾಲೂ ಹೀಗೆಯೇ ಅಂತೆ. ನನಗೆ ದುಃಖವಾಯಿತು, ಬುತ್ತಿ ಕೊಡುವುದನ್ನೂ ಮರೆತು ಹೊಸಪೇಟೆಯ ಬಸ್ಸು ಹತ್ತಿಬಿಟ್ಟೆ.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಹೀಗಿವೆ. ತಾವು ದಯಮಾಡಿ ಸಾಹೇಬರ ಕಚೇರಿಗೆ ಬಂದು, ಬಸ್ಸನ್ನು ನಿಲ್ಲಿಸಿದವಳು ನಾನಲ್ಲ, ನಾನು ನನ್ನ ಪಾಡಿಗೆ ನಿಂತಿದ್ದೆ, ಬಸ್ಸು ಕೂಸಿನ ಖುಷಿಗೆ ನಿಂತಿತು ಎಂದು ಹೇಳಿಕೆ ಕೊಟ್ಟು ಕೆಳಗೆ ಗೊರಸು ಒತ್ತಬೇಕು. ಮೆಟ್ಟಿಲು ಹತ್ತಲಾಗದಿದ್ದರೆ ಕಚೇರಿಯನ್ನೇ ಕೆಳಗೆ ಇಳಿಸಿಕೊಡಲು ಇನ್ನೊಂದು ಅರ್ಜಿ ಹಾಕುತ್ತೇನೆ. ಅದು ಆಗದಿದ್ದರೆ ಆ ದಿನಕ್ಕೇ ಹಿಂದಿರುಗಿ, ಸೇತುವೆಯಿಂದ ಒಂದಿಷ್ಟು ಆಚೆಗಾದರೂ ಈಚೆಗಾದರೂ ಸರಿದು ನಿಂತುಕೊಳ್ಳಬೇಕು, ಯಾವ ಪಂಚಾಯಿತಿಯಾದರೂ ನನಗೆ ನಡೆಯುತ್ತದೆ. ಅದೂ ಆಗದಿದ್ದರೆ ತಮ್ಮ ಹೆಸರಿನಲ್ಲಿ ಬರೆದಿರುವ ಕರುಗಳ ಸಾಲಿನಲ್ಲಿ ದೇವಿಕಾಳನ್ನೂ ಸೇರಿಸಿಕೊಂಡರೆ ಸಾಕು. ಹೇಗಿದ್ದರೂ ಆಕೆ ಈ ಲೋಕಕ್ಕೆ ಬಂದಾಗ ಮೊದಲು ಸುತ್ತಿಕೊಂಡದ್ದು ತಮ್ಮ ಮನೆಯ ಬಟ್ಟೆಯನ್ನೇ. ಇಷ್ಟು ವರ್ಷ ನಾನು ಹೋದ ಕಚೇರಿಗಳಲ್ಲಿ ಯಾರೂ ನನಗೆ ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ತಾವಾದರೂ ಒಂದು ಹೇಳಿಬಿಡಿ. ತಲೆ ಅಲ್ಲಾಡಿಸಿದರೂ ಆಗುತ್ತದೆ, ನಾನು ಅದನ್ನೇ ಬರೆದುಕೊಂಡು ಹೋಗುತ್ತೇನೆ.

ತಮ್ಮ ಕೊಟ್ಟಿಗೆ ತಂಪಾಗಿರಲಿ, ತಮ್ಮ ಹಾಲು ಗಟ್ಟಿಯಾಗಿರಲಿ ಎಂದು ಹಾರೈಸಿ ಮುಗಿಸುವ,

ತಮ್ಮ ವಿಶ್ವಾಸಿ,
ದುರ್ಗಕ್ಕ
ಬಳೆ ಅಂಗಡಿ, ಹೊಸಪೇಟೆ

ತಾ.ಕ.: ಹೋದ ಭಾನುವಾರ ಉಚ್ಚೆಂಗಮ್ಮನ ಹೇಳಿಕೆ ಬರೆಸಿಕೊಳ್ಳಲು ದೇವಿಕಾಳನ್ನೂ ಕರೆದುಕೊಂಡು ತಮ್ಮಲ್ಲಿಗೆ ಬಂದಿದ್ದೆ. ಆ ಹೊತ್ತಿಗೆ ತಮ್ಮ ಈ ಸಲದ ಕರುವಿಗೂ ಕಿವಿಗೆ ಹಳದಿ ಬಿಲ್ಲೆ ಒತ್ತಿ ಹೋಗಿದ್ದರು. ಅದು ಇನ್ನೂ ಮೊಲೆ ಬಿಟ್ಟಿಲ್ಲ, ಆಗಲೇ ಸರ್ಕಾರದ ಲೆಕ್ಕಕ್ಕೆ ಬಂದಿದೆ, ತಮಗೆ ನನ್ನ ಅಭಿನಂದನೆಗಳು. ಹುಡುಗಿ ಬಹಳ ಹೊತ್ತು ಕರುವಿನ ಕಿವಿಯನ್ನೇ ನೋಡುತ್ತಾ ನಿಂತು, "ಅಜ್ಜಿ, ನನಗೂ ಇಂಥಾದ್ ಒಂದ್ ಹಾಕ್ಸು, ಮಿಸ್ಸು ನನ್ ಹೆಸರು ಕರೀತಾರ" ಎಂದಳು. ಕಿವಿಗೆ ತೂತು ಹೊಡೀತಾರವ್ವ, ಭಾಳ ನೋಯ್ತದ ಎಂದೆ. "ನಾ ಅಳಂಗಿಲ್ಲ" ಎಂದಳು.