ಇನ್ನೆರಡು ತುತ್ತು

ಮಕ್ಕಳಿಗೆ ಊಟ ಮಾಡಿಸುವುದು ಕೂತು ಮಾಡುವ ಕೆಲಸವಲ್ಲ, ನಡೆದು ಮಾಡುವ ಕೆಲಸ ಎಂದು ನಾನು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ಅದರಲ್ಲಿ ನನ್ನ ತಪ್ಪೇನಿಲ್ಲ. ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆ ರೈಲ್ವೆ ಸ್ಟೇಷನ್ನಿಗೆ ಕೂಗಳತೆಯಲ್ಲಿತ್ತು. ಅಮ್ಮ ನನ್ನನ್ನು ಸೊಂಟಕ್ಕೇರಿಸಿ, ಅನ್ನದ ಬಟ್ಟಲು ಹಿಡಿದು ಹೊರಟರೆ ನಾಯಿ ತೋರಿಸಿ ಒಂದು ತುತ್ತು, ಎಮ್ಮೆ ತೋರಿಸಿ ಒಂದು, ಕೊನೆಯವೆಲ್ಲ ರೈಲಿನ ಪಾಲು. ಅಷ್ಟಕ್ಕೂ ಮುಗಿಯದಿದ್ದರೆ ನಿಂತಿದ್ದ ಪ್ಯಾಸೆಂಜರ್ ಗಾಡಿಯೊಳಗೆ ಕೂರಿಸಿ ಉಣ್ಣಿಸಿ, ಗಾಡಿ ಅಲ್ಲಾಡಿದ ಕೂಡಲೇ ಇಳಿಯುತ್ತಿದ್ದಳು. ಒಂದೆರಡು ಸಲ ಇಳಿಯಲಾಗದೆ ಪಾಂಡವಪುರದ ಚಿಕ್ಕಮ್ಮನ ಮನೆವರೆಗೂ ಹೋಗಿ ಬಂದದ್ದುಂಟಂತೆ.

ಇಷ್ಟು ತರಬೇತಿ ಪಡೆದು ನಾನು ಜರ್ಮನಿಗೆ ಹೋದೆ. ನಮ್ಮ ಮಹಡಿ ಮನೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದು, ಊರಿನ ಹಳೇ ಮನೆಗಳ ನಕ್ಷೆ ಬರೆದುಕೊಂಡು ಹೋದ ಜರ್ಮನ್ ಹೆಂಗಸು ಮರಿಯಕ್ಕ ಕಾಗದ ಬರೆದಿದ್ದಳು. ಒಂದು ವರ್ಷ ಮನೆಮಗಳ ಹಾಗೆ ಇದ್ದು ಮಗು ನೋಡಿಕೊಳ್ಳುವುದು, ಸಂಜೆ ಅವರ ಭಾಷೆ ಕಲಿಯುವುದು. ಅಲ್ಲಿ ಇಂಥವರಿಗೆ ಓ ಪೇರ್ ಅನ್ನುತ್ತಾರೆ. ಅಮ್ಮ ಮಾತ್ರ, "ಮಗ ಆಡ್ಸಕ್ಕೆ ಇಮಾನ ಅತ್ಬೇಕಾ? ನಿಮ್ಮಕ್ಕನ ಮಗ ಇಲ್ಲೇ ಅವ್ನಲ್ಲ" ಅಂದಳು. ಅಪ್ಪನೋ, ಮಗಳು ಫಾರಿನ್ನಿನಲ್ಲಿ ಓದುತ್ತಾಳೆಂದು ಊರಿಗೆಲ್ಲ ಹೇಳಿಬಿಟ್ಟಿದ್ದರು. ಬೇಗ ವಾಪಸ್ಸು ಬರುವ ದಾರಿ ಅಲ್ಲಿಗೆ ಮುಚ್ಚಿತು.

ಮರಿಯಕ್ಕನ ಒಂದೂವರೆ ವರ್ಷದ ಮಗ ಯಾನ್ ಮಾತ್ರ ನನ್ನನ್ನು ವಾಪಸ್ಸು ಕಳಿಸಲೇಬೇಕೆಂದು ಹಠ ತೊಟ್ಟವನಂತಿದ್ದ. ಅವನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಪಟ್ಟಿ ಬಿಗಿದು, ಎದುರಿಗೆ ಬಟ್ಟಲಿಡಬೇಕು. ಹಾಗೆಂದು ಮರಿಯಕ್ಕ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ತನ್ನ ಅಮ್ಮನ ಮುಂದೆ ತಿನ್ನುತ್ತಿದ್ದವನು ನನ್ನ ಮುಂದೆ ತುಟಿ ಬಿಚ್ಚಲಿಲ್ಲ. ಮೂರು ದಿನ ಹೀಗೇ ಆಯಿತು. ಮರಿಯಕ್ಕ ಆಗಷ್ಟೇ ಕೆಲಸಕ್ಕೆ ಮರಳಿದ್ದಳು. ನಮ್ಮಮ್ಮನಿಂದ ಕಲಿತ ಕನ್ನಡದಲ್ಲೇ ಮೆಲ್ಲಗೆ ಹೇಳಿದಳು: "ಈ ವಾರ ನಿನ್ ಕೈಲಿ ಉಣ್ನಿಲ್ಲ ಅಂದ್ರೆ ನಾನು ಬ್ಯಾರೆ ಯಾರ್ನಾದ್ರೂ ನೋಡ್ಬೇಕಾಯ್ತದೆ ಕಣವ್ವ." ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಹದಿನೈದು ದಿನದಲ್ಲಿ ಸೂಟ್‌ಕೇಸ್ ಹಿಡಿದು ಶ್ರೀರಂಗಪಟ್ಟಣದಲ್ಲಿ ಇಳಿಯುವುದು, ಎದುರಿಗೆ ಅಪ್ಪ. ಆ ಚಿತ್ರ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ಚೀಟಿಗೆ ಬೆನ್ನು ಹಾಕಿ, ಆಲೂಗೆಡ್ಡೆ ಮಸೆದು ಬೆಣ್ಣೆ ಹಾಕಿ ಕಲಸಿ, ಯಾನ್‌ನನ್ನು ಸೊಂಟಕ್ಕೇರಿಸಿ ಹೊರಟೆ. ಗೇಟಿನ ನಾಯಿಗೆ ಬಾಯಿ ತೆರೆದ. ಪಾರಿವಾಳಕ್ಕೆ ಎರಡು ತುತ್ತು. ನನಗೆ ಅಳುವೇ ಬಂತು. ಬೀದಿಯ ಕೊನೆಗೆ ಸ್ಟೇಷನ್ನು, ಅಲ್ಲಿ ನಿಂತ ರೈಲು. ಇನ್ನೆರಡು ತುತ್ತು ಉಳಿದಿತ್ತು. ಹತ್ತಿ ಕಿಟಕಿ ಪಕ್ಕ ಕೂರಿಸಿದೆ. ಅಷ್ಟರಲ್ಲಿ ಬಾಗಿಲು ತಾನೇ ಮುಚ್ಚಿಕೊಂಡಿತು.

ಬಾಗಿಲಿಗೂ ಬುದ್ಧಿಯಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಬಡಿದೆ, ಎಳೆದೆ. ರೈಲು ಊರು ದಾಟಿತು. ಟಿಕೆಟ್ಟಿಲ್ಲ, ಭಾಷೆಯಿಲ್ಲ, ಕೈಯಲ್ಲಿ ಇನ್ನೊಬ್ಬರ ಮಗು. ಟಿಕೆಟ್ಟಿನವರು ಬಂದು ಮನೆಯ ಫೋನ್ ನಂಬರ್ ಕೇಳಿದ್ದು ಕೈಸನ್ನೆಯಿಂದ ಅರ್ಥವಾಯಿತು. ನನಗೆ ಬಾಯಿಪಾಠವಿದ್ದದ್ದು ಒಂದೇ ನಂಬರ್, ನಮ್ಮೂರ ಎಸ್‌ಟಿಡಿ ಬೂತಿನದು. ಅದನ್ನೇ ಬರೆದುಕೊಟ್ಟೆ. ಅವರು ಚೀಟಿಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. ಮಗು ಕದ್ದವಳೆಂದು ಜೈಲಿಗೆ ಹಾಕಿದರೆ ಅದನ್ನೂ ಅಪ್ಪ ಓದು ಎಂದೇ ಹೇಳಬೇಕಾಗುತ್ತದಲ್ಲ ಎಂದುಕೊಂಡೆ. ಯಾನ್ ಒಬ್ಬನೇ ಆರಾಮಾಗಿ ಹೊಲ ನೋಡುತ್ತಾ ಬಾಯಿ ತೆರೆದು ಕಾಯುತ್ತಿದ್ದ. ಉಣ್ಣಿಸಿದೆ, ಇನ್ನೇನು ಮಾಡಲಿ. ಮುಂದಿನ ಸ್ಟೇಷನ್ನಿನಲ್ಲಿ ಅವರೇ ನಮ್ಮನ್ನಿಳಿಸಿ, ವಾಪಸ್ಸು ಹೋಗುವ ಗಾಡಿಗೆ ಹತ್ತಿಸಿದರು.

ಪ್ಲಾಟ್‌ಫಾರ್ಮಿನಲ್ಲಿ ಮರಿಯಕ್ಕ ನಿಂತಿದ್ದಳು, ಪಕ್ಕದಲ್ಲಿ ಇಬ್ಬರು ಪೊಲೀಸರು. ಮನೆಗೆ ಬಂದು ಖಾಲಿ ಕುರ್ಚಿ ನೋಡಿ ಪೊಲೀಸರಿಗೆ ಫೋನ್ ಮಾಡಿ, ಆಮೇಲೆ ಬಟ್ಟಲೂ ಇಲ್ಲದ್ದು ನೋಡಿ ನೇರ ಸ್ಟೇಷನ್ನಿಗೆ ಬಂದಿದ್ದಳು. ನಮ್ಮ ಬೀದಿಯ ತಾಯಂದಿರು ಬಟ್ಟಲು ಹಿಡಿದು ಸ್ಟೇಷನ್ನಿಗೆ ಹೋಗುವುದನ್ನು ಎರಡು ವರ್ಷ ಮಹಡಿಯಿಂದ ನೋಡಿದವಳಲ್ಲವೇ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಮಗುವನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. ಅವಳು ಎಷ್ಟು ಹೆದರಿದ್ದಳೆಂದು ಆಗ ಗೊತ್ತಾಗಿ ನನಗೆ ನಿಜವಾಗಿ ನಾಚಿಕೆಯಾಯಿತು. ಆಮೇಲೆ ಬಟ್ಟಲು ನೋಡಿದಳು.

"ಎಲ್ಲಾ ಉಂಡ್ನಾ?" ಅಂದಳು.

"ಉಂಡ ಮರಿಯಕ್ಕ."

ಫ್ರಿಜ್ಜಿನ ಮೇಲೆ ಹೊಸ ಚೀಟಿ ಬಂತು: ಗೇಟಿನವರೆಗೆ ಮಾತ್ರ. ನಾನು ವರ್ಷ ಮುಗಿಸಿಯೇ ಬಂದೆ.

ಬಂದ ಮೇಲೆ ಮದುವೆಯಾಗಿ ನಾಗಮಂಗಲ ಸೇರಿದೆ. ಗಂಡ ದಿನಾ ಕೆ.ಆರ್. ಪೇಟೆಯ ಸ್ಕೂಲಿಗೆ ಹೋಗಿಬರುವ ಮೇಷ್ಟ್ರು. ಮಗಳು ಹುಟ್ಟಿದಾಗ ನಾನು ಪೂರ್ತಿ ಜರ್ಮನ್ನವಳಾಗಿದ್ದೆ. ಬಡಗಿಯಿಂದ ಎತ್ತರದ ಕುರ್ಚಿ ಮಾಡಿಸಿ, ಪಟ್ಟಿ ಹಾಕಿಸಿ, ಚೀಟಿಯನ್ನೂ ಬರೆದು ಅಂಟಿಸಿದೆ. ಅತ್ತೆಗೆ ಓದಲು ಬರುವುದಿಲ್ಲ ಎಂಬುದು ನೆನಪಿಗೆ ಬರಲಿಲ್ಲ. ಒಂದು ದಿನ ಸ್ನಾನ ಮುಗಿಸಿ ಬಂದರೆ ಕುರ್ಚಿ ಖಾಲಿ, ಬಟ್ಟಲಿಲ್ಲ. ಒದ್ದೆ ತಲೆಯಲ್ಲೇ ಬಸ್‌ಸ್ಟ್ಯಾಂಡಿಗೆ ಓಡುತ್ತಾ ಮರಿಯಕ್ಕನ ಮುಖ ನೆನೆದು, ಅತ್ತೆಗೆ ಅನ್ನಬೇಕಾದ್ದನ್ನೆಲ್ಲ ಜೋಡಿಸಿಕೊಂಡೆ.

ಅತ್ತೆ ದೇವಲಾಪುರದ ಬಸ್ಸಿನ ಮುಂದೆ ನಿಂತಿದ್ದರು. ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು "ಎಲ್ಲಾ ಉಂಡ್ಳಾ?" ಎಂಬುದೊಂದೇ.

"ಇನ್ನೆಲ್ಡ್ ತುತ್ತದೆ ಕಣವ್ವ. ಬಸ್ ಅತ್ತಿಸ್ದೆ ಬಾಯಿ ಬುಡಾಕಿಲ್ಲ ಅಂತಾವ್ಳೆ. ನನ್ಗೆ ಮಂಡಿ ನೋವು, ಮೆಟ್ಲು ಅತ್ತಕ್ಕಾಗದಿಲ್ಲ" ಅಂದು ಮಗುವನ್ನೂ ಬಟ್ಟಲನ್ನೂ ನನ್ನ ಕೈಗೆ ಕೊಟ್ಟರು. ಕಂಡಕ್ಟರ್ ಇನ್ನೂ ಟೀ ಕುಡಿಯುತ್ತಿದ್ದ. ನಮ್ಮ ಬಸ್ಸಿನ ಬಾಗಿಲು ತಾನಾಗಿ ಮುಚ್ಚುವುದಿಲ್ಲವಲ್ಲ ಎಂಬ ಧೈರ್ಯದಿಂದ ಹತ್ತಿದೆ.

ಇಳಿದದ್ದು ದೇವಲಾಪುರದಲ್ಲಿ.